ಬೆಲ್ಲದ ಕೈ, ಬಾಷಣ್ಣನ ಕ್ಯಾಸೆಟ್ಟು

ನಂಗೆ ಮೊಮ್ಮಗಳು ಹುಟ್ಟಿದ್ದಾಳೆ! ಇದನ್ನ ಮೊದಲು ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಕ್ಕೆ ಒಂದಕ್ಷರ ಬರೆಯೋಕೂ ಕೈ ಓಡಲ್ಲ. ನಾನು ಓದಿರೋದು ನಾಲ್ಕನೇ ಕ್ಲಾಸು. ಸಂತೋಷ ಜಾಸ್ತಿಯಾದರೆ ನನ್ನ ಒತ್ತಕ್ಷರಗಳೆಲ್ಲ ಬೇಲಿ ಹಾರಿದ ಮೇಕೆಗಳ ಥರ ಎಲ್ಲೆಲ್ಲಿಗೋ ಹೋಗುತ್ತವೆ, ನೀವೇ ಹಿಡಿದು ಕಟ್ಟಿಕೊಂಡು ಓದಿ. ಕೂಸಿನ ಮೂಗು ನಮ್ಮತ್ತೆದು. ಗಂಟಲೂ ನಮ್ಮತ್ತೆದೇ. ಅತ್ತರೆ ಹೇಮಾವತಿ ಹೊಳೆ ಆಚೆದಡದಲ್ಲಿ ಬಟ್ಟೆ ಒಗೆಯೋರು ತಲೆ ಎತ್ತಿ ನೋಡಬೇಕು, ಹಂಗೆ. ಅದಕ್ಕೆ ನನ್ನ ಹಿಗ್ಗು ಇನ್ನೂ ಒಂದು ಕೈ ಹೆಚ್ಚು.

ಮಗಳು ಶಶಿನ ಕೊಟ್ಟಿರೋದು ಶ್ರೀರಂಗಪಟ್ಟಣಕ್ಕೆ. ಬಾಣಂತನಕ್ಕೆ ಅಂತ ನಮ್ಮ ಅಕ್ಕಿಹೆಬ್ಬಾಳಿಗೆ ಬಂದಿದ್ದಾಳೆ. ಕೂಸನ್ನ ನೋಡೋಕೆ ಬರೋರಿಗೆಲ್ಲ ನಾನು ಬಾಗಿಲಲ್ಲೇ ಹೇಳೋದು ಒಂದೇ ಮಾತು: "ಕೈ ತೊಳ್ಕೊಂಡು ಬನ್ನಿ." ನಮ್ಮ ಯಜಮಾನರಿಗೂ ಅದೇ ಕಟ್ಟಳೆ. ಅವರು ಗೊಣಗಿಕೊಂಡು ದಿನಾ ತೊಟ್ಟಿ ಹತ್ತಿರ ಹೋಗುತ್ತಾರೆ.

ಮೊನ್ನೆ ಬೆಳಿಗ್ಗೆ ಕೂಸಿಗೆ ಎಣ್ಣೆ ತಿಕ್ಕಿ, ಕಾಲ ಮೇಲೆ ಮಲಗಿಸಿಕೊಂಡು ನೀರು ಹುಯ್ದು, ಸಾಂಬ್ರಾಣಿ ಹೊಗೆ ಹಿಡಿದು, ಹಳೇ ಸೀರೆ ತುಂಡಲ್ಲಿ ಸುತ್ತುತ್ತಾ ಇದ್ದೆ. ಕಾಲುವೆ ಪಕ್ಕದ ಆಲೆಮನೆಯಲ್ಲಿ ಆಗ ತಾನೆ ಪಾಕ ಇಳಿಸಿದರು ಅಂತ ಕಾಣುತ್ತೆ. ಬಿಸಿ ಬೆಲ್ಲದ ವಾಸನೆ ಕಿಟಕಿ ಹಾದು ಬಂದು ಸಾಂಬ್ರಾಣಿ ಜೊತೆ ಸೇರಿಕೊಳ್ತು. ಅಷ್ಟರಲ್ಲಿ ಒಳಗಿಂದ ಶಶಿ ಕೂಗಿದಳು:

"ಅವ್ವಾ, ಮುಗೀತು ಕಣವ್ವಾ!"

ಕೂಸನ್ನ ಅವುಚಿಕೊಂಡು ಒಳಕ್ಕೆ ಓಡಿದೆ. "ಏನಾಯ್ತೇ?"

ಆದದ್ದು ಇಷ್ಟೇ. ಅವಳ ಮೊಬೈಲಿಗೆ ಹಾಡು ಕೊಡೋ ಕಂಪನಿ ಒಂದಿದೆಯಂತೆ. ಇವಳು ಅದಕ್ಕೆ ಮೆಂಬರ್ ಆಗಿದ್ದಾಳೆ. ಕೂಸು ಮಲಗೋದು ಅದರಲ್ಲಿ ಬರೋ ಜೋಗುಳಕ್ಕೆ. ಈಚೆಗೆ ಹಾಡು ನಡುನಡುವೆ ನಿಂತುಹೋಗುತ್ತಂತೆ, ಕೇಳಿದ ಹಾಡು ಸಿಗೋದೇ ಇಲ್ಲವಂತೆ. ಕಂಪನಿ ಮುಚ್ಚುತ್ತಾರೆ ಅಂತ ಸುದ್ದಿ. ಪಾಂಡವಪುರದ ಅವಳ ಸ್ನೇಹಿತೇರೆಲ್ಲ ಬೆಳಿಗ್ಗೆಯಿಂದ ಫೋನಿನ ಮೇಲೆ ಫೋನು. "ಎಲ್ರೂ ಇರೋ ಬರೋದನ್ನೆಲ್ಲ ಇಳಿಸ್ಕೋತಾವ್ರೆ ಕಣವ್ವಾ. ನಾಳೆ ಬಾಗ್ಲು ಹಾಕ್ಬುಟ್ರೆ ಕೂಸಿಗೆ ಏನ್ ಹಾಕ್ಲಿ?" ಅಂತ ಮುಖ ಸಣ್ಣ ಮಾಡಿಕೊಂಡಳು.

ನಂಗೆ ನಗು ತಡೆಯೋಕೆ ಆಗಲಿಲ್ಲ. ಕೂಸು ಕೂಡ ನನ್ನ ಹೊಟ್ಟೆ ಜೊತೆ ಕುಲುಕಿತು.

"ನಗ್ತೀಯಲ್ಲವ್ವಾ!"

"ನೀನು ನನ್ನ ಸೊಂಟದ ಮೇಲಿದ್ದಾಗ್ಲೇ ಇದು ಒಂದ್ಸಲ ಆಗೋಗದೆ ಕಣೆ. ಕೆ.ಆರ್. ಪೇಟೇಲಿ," ಅಂದೆ.

ಅವಳಿಗೆ ಹೇಳಿದ್ದನ್ನೇ ಈಗ ನಿಮಗೂ ಹೇಳುತ್ತೀನಿ. ಅದು ತೊಂಬತ್ತರ ದಶಕದ ನಡುವಿನ ಒಂದು ಚಳಿಗಾಲ. ಶಶಿಗೆ ಆಗ ಹಲ್ಲು ಪೂರ್ತಿ ಬಂದಿತ್ತು, ಮಾತು ಅರ್ಧ ಬಂದಿತ್ತು. ನಮ್ಮ ಮನೇಲಿ ಒಂದು ಟೇಪ್‌ರೆಕಾರ್ಡರ್ ಇತ್ತು. ನಮ್ಮಣ್ಣ ಮದುವೇಲಿ ಉಡುಗೊರೆ ಕೊಟ್ಟಿದ್ದು. ಪೆಟ್ಟಿಗೆ ಇತ್ತೇ ಹೊರತು ಹಾಕೋಕೆ ಕ್ಯಾಸೆಟ್ಟು ಎಷ್ಟು ತರೋಕಾಗುತ್ತೆ? ಒಂದೇ ಹಾಡು ಕೇಳಿ ಕೇಳಿ, ಮುಂದೆ ಯಾವ ಸಾಲು ಬರುತ್ತೆ ಅಂತ ನಮ್ಮ ಎಮ್ಮೆಗೂ ಗೊತ್ತಾಗಿಹೋಗಿತ್ತು.

ಆವಾಗ ಪೇಟೆ ಬಸ್‌ಸ್ಟ್ಯಾಂಡ್ ಹಿಂದಿನ ಸಾಲಲ್ಲಿ ಬಾಷಣ್ಣ ಕ್ಯಾಸೆಟ್ ಅಂಗಡಿ ಇಟ್ಟ. ಅದು ಮಾರೋ ಅಂಗಡಿಯಲ್ಲ, ಮೆಂಬರ್ ಆಗೋ ಅಂಗಡಿ. ಮೆಂಬರ್ ಆದರೆ ಒಂದು ಗುಲಾಬಿ ಬಣ್ಣದ ಕಾರ್ಡು ಕೊಡುತ್ತಿದ್ದ. ಸಂತೆ ದಿನ ಹೋಗಿ ಕೇಳಿದ ಕ್ಯಾಸೆಟ್ಟು ಇಟ್ಟು, ಕೇಳದೇ ಇರೋದು ತಗೊಂಡು ಬರಬೇಕು. ಯಾವುದಾದರೂ ಹಾಡು ನಿಮಗೇ ಬೇಕು ಅಂದರೆ ಖಾಲಿ ಕ್ಯಾಸೆಟ್ಟು ಕೊಟ್ಟರೆ ತನ್ನ ದೊಡ್ಡ ಮಿಷನ್ನಲ್ಲಿ ಅದನ್ನ ಇದಕ್ಕೆ ಇಳಿಸಿಕೊಡುತ್ತಿದ್ದ. ಈಗ ಶಶಿ ಡೌನ್‌ಲೋಡ್ ಅಂತಾಳಲ್ಲ, ನಾವು ಆಗಲೇ "ಇಳಿಸ್ಕೊಡಣ್ಣ" ಅಂತಿದ್ದೆವು. ಮಾತು ಕೂಡ ಹೊಸದಲ್ಲ.

ನಾನು ಮೊದಲನೇ ಸಲ ಹೋದಾಗ ಬಾಷಣ್ಣ ಕಾರ್ಡು ಮುಂದಿಟ್ಟುಕೊಂಡು "ಹೆಸರು ಹೇಳಿ ಅಕ್ಕಾ" ಅಂದ. ನಾನು ಪಕ್ಕದಲ್ಲಿ ನಿಂತಿದ್ದ ನಮ್ಮೂರ ಹುಡುಗಿ ಕೈಲಿ ನಮ್ಮ ಯಜಮಾನರ ಹೆಸರು ಹೇಳಿಸಿದೆ. ಗಂಡನ ಹೆಸರು ನಾನೇ ಬಾಯಲ್ಲಿ ಹೇಳೋ ಹಂಗಿರಲಿಲ್ಲವಲ್ಲ. ಬಾಷಣ್ಣ ಪೆನ್ನು ಎತ್ತಿ ಹಿಡಿದು ಕೇಳಿದ:

"ಹಾಡು ಕೇಳೋರು ಯಾರು? ಅವರಾ, ನೀವಾ?"

"ನಾನು."

"ಅರೆ, ಹಂಗಾದ್ರೆ ಅವರ ಹೆಸರು ಯಾಕೆ?" ಅಂದವನೇ, ನನ್ನ ಹೆಸರು ಕೇಳಿಕೊಂಡು, ಜಯಮ್ಮ ಅಂತ ಬರೆದು ಸೀಲು ಗುದ್ದಿ ಕೊಟ್ಟ.

ಜಮೀನು ಮಾವನವರ ಹೆಸರಲ್ಲಿತ್ತು. ರೇಷನ್ ಕಾರ್ಡು ಅತ್ತೆ ಹೆಸರಲ್ಲಿತ್ತು. ಗಾಣ, ಕೊಪ್ಪರಿಗೆ, ಎಮ್ಮೆ ಸಾಲ ಎಲ್ಲ ಯಜಮಾನರ ಹೆಸರಲ್ಲಿ. ಈ ಭೂಮಿ ಮೇಲೆ ನನ್ನ ಹೆಸರಲ್ಲಿ ಇದ್ದದ್ದು ಆ ಗುಲಾಬಿ ಕಾರ್ಡು ಒಂದೇ. ಅದನ್ನ ನಾನು ಕುಂಕುಮದ ಭರಣಿ ಪಕ್ಕದಲ್ಲಿ ಇಡುತ್ತಿದ್ದೆ. ಅದಕ್ಕೇ ಬಾಷಣ್ಣನ ಅಂಗಡಿ ಮುಚ್ಚುತ್ತೆ ಅನ್ನೋ ಸುದ್ದಿ ಬಂದಾಗ, ಬೇರೆಯವರಿಗೆ ಹಾಡು ಹೋಗುತ್ತೆ ಅನ್ನೋ ಚಿಂತೆಯಾದರೆ, ನಂಗೆ ನನ್ನ ಹೆಸರೇ ಹೋಗುತ್ತೆ ಅನ್ನಿಸಿತು.

ಸುದ್ದಿ ಸುಮ್ಮನೆ ಬಂದದ್ದಲ್ಲ. ಆ ವರ್ಷ ಕಾರ್ತೀಕ ಕಳೆಯೋ ಹೊತ್ತಿಗೆ ಬಾಷಣ್ಣನ ಕ್ಯಾಸೆಟ್ಟುಗಳ ದನಿ ಮಂಕಾಗೋಕೆ ಶುರುವಾಯಿತು. ಹಾಡೋರೆಲ್ಲ ಕಂಬಳಿ ಹೊದ್ದುಕೊಂಡು ಹಾಡಿದ ಹಂಗೆ. ಆಮೇಲೆ ಎಳೆಯೋಕೆ ಶುರುವಾಯಿತು. ಹೆಣ್ಣಿನ ದನಿ ಗಂಡಾಯಿತು, ಗಂಡಿನ ದನಿ ಕೋಣ ಆಯಿತು. ಬಾಷಣ್ಣ ಮೈಸೂರಿಗೆ ಹೋಗಿ ಮಿಷನ್ನಿನ ಹೆಡ್ಡು, ಅಂದರೆ ರೀಲಿಂದ ಹಾಡು ತೆಗೆಯೋ ಭಾಗ, ಬದಲಾಯಿಸಿಕೊಂಡು ಬಂದ. ನಾಲ್ಕು ದಿನ ಸರಿಯಿತ್ತು, ಮತ್ತೆ ಅದೇ ಕೋಣ.

ಅಂಗಡಿ ಮುಂದೆ ಸಂತೆ ದಿನ ಮೆಂಬರುಗಳ ಗುಂಪು ಸೇರೋದು. ಅದಕ್ಕೆ ಯಜಮಾನಿಕೆ ರಾಮಲಿಂಗಯ್ಯ ಮೇಷ್ಟ್ರದು. ಹೊಣಕೆರೆ ಕಡೆಯವರು, ಪೇಟೆ ಸ್ಕೂಲಲ್ಲಿ ಕೆಲಸ, ಸೈಕಲ್ಲಿನ ಹ್ಯಾಂಡಲಿಗೆ ಯಾವಾಗಲೂ ಒಂದು ಖಾಕಿ ಚೀಲ. ಹಾಡು ಅಂದರೆ ಪ್ರಾಣ ಬಿಡೋರು, ಒಳ್ಳೇ ಮನುಷ್ಯ, ಆದರೆ ಭಯ ಜಾಸ್ತಿ. ಮೋಡ ಕಂಡರೆ ಪ್ರವಾಹ ಅನ್ನೋರು.

"ಬರ್ದಿಟ್ಕೊಳ್ಳಿ, ಸಂಕ್ರಾಂತಿ ಒಳಗೆ ಬಾಗ್ಲು ಹಾಕ್ತಾನೆ," ಅಂದರು ಮೇಷ್ಟ್ರು. "ಮೈಸೂರಲ್ಲಿ ಈಗ ತಟ್ಟೆ ಥರದ್ದು ಬಂದದಂತೆ, ಸೀಡಿ ಅಂತ. ಕ್ಯಾಸೆಟ್ಟಿನ ಕಾಲ ಮುಗೀತು. ಅವ್ನ ಬಾಮೈದ ಮೈಸೂರಿಗೆ ಕರೀತಾವ್ನಂತೆ."

"ಅಂಗಾದ್ರೆ ನಮ್ಮ ಮೆಂಬರ್‌ಶಿಪ್ಪು?" ಅಂದ ನಮ್ಮೂರ ಬಸ್ಸಿನ ಕಂಡಕ್ಟರ್ ತಮ್ಮಯ್ಯ.

"ಅದುಕ್ಕೇ ಏಳ್ತಿರೋದು ಕಣ್ಲಾ. ನಾನಂತೂ ಕೈಲಿರೋದನ್ನ ವಾಪಸ್ ಕೊಡಲ್ಲ. ಬುದ್ಧಿ ಇದ್ರೆ ನೀವೂ ಕೊಡ್ಬ್ಯಾಡಿ."

ಆ ಮಾತು ಕೆ.ಆರ್. ಪೇಟೆಯಿಂದ ಬಸ್ಸು ಹತ್ತಿ ನಾಗಮಂಗಲಕ್ಕೆ, ಪಾಂಡವಪುರಕ್ಕೆ ಹೋಯಿತು. ತಗೊಂಡೋರು ವಾಪಸ್ ತರೋದು ನಿಲ್ಲಿಸಿದರು. ಕೆಲವರು ಇದೇ ಕೊನೇ ಸಲ ಅಂತ ಬಾಯಿ ಸಿಹಿ ಮಾಡಿ ಇನ್ನೊಂದೆರಡು ಜಾಸ್ತಿ ಇಸಿದುಕೊಂಡು ಹೋದರು. ಮುಂದಿನ ಸಂತೆಗೆ ನಾನು ಹೋದಾಗ ಬಾಷಣ್ಣನ ಗೋಡೆ ಬೀರು ಹಲ್ಲು ಬಿದ್ದ ಬಾಯಿ ಥರ ಕಾಣುತ್ತಿತ್ತು. ಅದನ್ನ ನೋಡಿದ ಮಿಕ್ಕೋರು "ನೋಡು, ಮೇಷ್ಟ್ರು ಏಳಿದ್ದು ದಿಟ, ಮಾಲೆಲ್ಲ ಸಾಗಿಸ್ತಾವ್ನೆ" ಅಂದುಕೊಂಡು ತಮ್ಮ ಕೈಲಿದ್ದದ್ದನ್ನ ಇನ್ನೂ ಗಟ್ಟಿಯಾಗಿ ಹಿಡಿದುಕೊಂಡರು. ಅಂಗಡಿ ಮುಚ್ಚುತ್ತೆ ಅನ್ನೋ ಭಯವೇ ಅಂಗಡೀನ ಮುಚ್ಚಿಸೋಕೆ ಕುಂತಿತ್ತು. ಇಷ್ಟು ನಾಲ್ಕನೇ ಕ್ಲಾಸಿನ ತಲೆಗೂ ಹೊಳೆಯಿತು.

ಬಾಷಣ್ಣ ಸ್ಟೂಲಿನ ಮೇಲೆ ಕೈಕಟ್ಟಿ ಕೂತಿದ್ದ. ನಾನು ಚೀಲದಿಂದ ಕ್ಯಾಸೆಟ್ಟು ತೆಗೆದೆ. ಅದು ನಂಗೆ ಬಲು ಇಷ್ಟದ್ದು. ಅವನು ಅದನ್ನ ನೋಡಿ ಸಪ್ಪಗೆ ನಕ್ಕ.

"ನೀವು ಇಟ್ಕೊಳ್ಳಿ ಅಕ್ಕಾ. ಎಲ್ಲಾರೂ ಇಟ್ಕೊಂಡಿದಾರೆ. ಇನ್ನೇನಿದೆ ಇಲ್ಲಿ?"

"ಇದು ಅಂಗಡೀದು," ಅಂತ ಬೀರುವಿನ ಖಾಲಿ ಜಾಗದಲ್ಲಿ ಇಟ್ಟೆ. "ಈಗ ಬೇರೆದು ಕೊಡಿ."

"ಬೇರೆ ಯಾವುದೂ ಚೆನ್ನಾಗಿಲ್ಲ ಅಕ್ಕಾ. ಎಲ್ಲಾ ಎಳೀತಿದೆ."

"ಎಳೆಯೋದೇ ಕೊಡಿ. ಒಂದು ಇಟ್ರೆ ಒಂದು ತಗೋಬೇಕು. ನೀವೇ ತಾನೆ ಏಳಿದ್ದು?"

ಕೊಟ್ಟ. ಕೊಡೋವಾಗ ಅವನ ಕಣ್ಣು ಸ್ವಲ್ಪ ಒದ್ದೆಯಾಗಿತ್ತು. ನಾನು ನೋಡದ ಹಂಗೆ ಬಸ್ಸಿಗೆ ಓಡಿದೆ.

ನಮ್ಮ ಮನೆ ಆಲೆಮನೆ ಆಗ ಜೋರಾಗಿ ನಡೀತಿತ್ತು. ಕಬ್ಬು ಅರೆಯೋ ಗಾಣದ ಸದ್ದು, ಕೊಪ್ಪರಿಗೇಲಿ ಕಬ್ಬಿನ ಹಾಲು ಕುದಿಯೋ ಸದ್ದು, ಅದರ ಮೇಲೆ ನನ್ನ ಟೇಪ್‌ರೆಕಾರ್ಡರ್. ಒಲೆ ಹಾಕೋನು ಬೋರಣ್ಣ. ಹಿಂಡಿದ ಕಬ್ಬಿನ ಸಿಪ್ಪೆನ ಒಲೆ ಬಾಯಿಗೆ ತಳ್ಳೋ ಕೆಲಸ ಅವನದು. ಅವನ ಕೈ ಹಾಡಿನ ಜೊತೆ ಓಡುತ್ತಿತ್ತು. ಕುಣಿಯೋ ಹಾಡು ಹಾಕಿದರೆ ಬೆಂಕಿ ಕುಣಿಯೋದು, ಪಾಕ ಬೇಗ ಹದಕ್ಕೆ ಬರೋದು. ಅದಕ್ಕೇ ಮೊದಮೊದಲು ಬೈದುಕೊಂಡಿದ್ದ ಯಜಮಾನರೇ ಆಮೇಲೆ "ಲೇ, ಆ ಗಲಾಟೆ ಹಾಡು ಹಾಕೇ" ಅನ್ನೋಕೆ ಶುರು ಮಾಡಿದ್ದರು.

ನಮ್ಮತ್ತೆ ಕೆಂಪಮ್ಮನಿಗೆ ಮಾತ್ರ ಆ ಪೆಟ್ಟಿಗೆ ಕಂಡರೆ ಆಗದು. ಸುತ್ತಲ ಹಳ್ಳಿ ಮದುವೆಗಳಲ್ಲಿ ಸೋಬಾನೆಗೆ ಮೊದಲ ದನಿ ಅವರದು. ಗಂಡಿನ ಕಡೆಯೋರನ್ನ ಹಾಡಲ್ಲೇ ಆಡಿಕೊಂಡು ಬೆವರಿಳಿಸುತ್ತಿದ್ದರು. ಬೀಗರು ಊಟಕ್ಕೆ ಕೂತರೆ ಎಲೆ ಮೇಲಿನ ಪಾಯಸ ಗಂಟಲಲ್ಲಿ ಇಳಿಯೋ ಹಂಗಿರಲಿಲ್ಲ. "ಪೆಟ್ಗೇಲಿ ಹಾಡೋಳು ಎದುರ್ಗೆ ಯಾರವ್ರೆ ಅಂತ ನೋಡ್ತಾಳಾ? ನೋಡ್ದೆ ಹಾಡಿದ್ರೆ ಅದೆಂಥಾ ಹಾಡು?" ಅನ್ನೋರು.

ಆ ಸಂತೆಯಿಂದ ತಂದ ಕ್ಯಾಸೆಟ್ಟು ಮಾರನೇ ದಿನ ಹಾಕಿದೆ. ಕುಣಿಯೋ ಹಾಡೇ. ಆದರೆ ತೂಕಡಿಸಿಕೊಂಡು ಬಂತು. ಬೋರಣ್ಣನ ಕೈಯೂ ತೂಕಡಿಸಿತು. ಒಲೆ ಮಲಗಿತು. ಪಾಕ ಅಚ್ಚಿಗೆ ಹೊಯ್ದರೆ ಹಿಡೀಲೇ ಇಲ್ಲ, ಹಲಸಿನ ತೊಳೆ ಥರ ಮೆತ್ತಗೆ ಕೂತಿತು.

"ಯಾಕ್ಲಾ ಬೋರ, ಒಲೆ ಯಾಕ್ಲಾ ಮಲಿಕ್ಕತು?" ಯಜಮಾನರು ಕೂಗಾಡಿದರು.

"ನನ್ನೇನ್ ಕೇಳೀರಿ ಗೌಡ್ರೆ, ಆ ಪೆಟ್ಗೇನ ಕೇಳಿ. ಅದು ಆಕಳಿಸ್ತಾ ಅದೆ, ನಂಗೂ ಆಕಳಿಕೆ ಬತ್ತದೆ."

"ನಾಳೆಯಿಂದ ಈ ದರಿದ್ರ ಪೆಟ್ಗೆ ಇಲ್ಲಿ ಕಾಣಬಾರ್ದು!"

ಅತ್ತೆ ಎಲೆ ಅಡಿಕೆ ಅಗಿಯುತ್ತಾ ಸುಮ್ಮನೆ ನಕ್ಕರು. ನಾನು ಕ್ಯಾಸೆಟ್ಟು ತೆಗೆದು ಚಾಪೆ ಮೇಲೆ ಇಟ್ಟೆ. ಪಕ್ಕದಲ್ಲೇ ಶಶಿ ಬಿಸಿ ಬೆಲ್ಲದ ಉಂಡೆ ಹಿಡಕೊಂಡು ಮೂತಿ ತುಂಬ ಮೆತ್ತಿಕೊಂಡು ತಿನ್ನುತ್ತಿದ್ದಳು. ಆಲೆಮನೆಗೆ ಬಂದೋರು ಯಾರೇ ಇರಲಿ, ಹಾಲು ಕೊಡದೆ, ಕೈಗೆ ಬಿಸಿ ಬೆಲ್ಲ ಇಡದೆ ಕಳಿಸೋ ವಾಡಿಕೆ ನಮ್ಮಲ್ಲಿಲ್ಲ. ದಾರಿಹೋಕರಿಗೂ ಕೊಡಬೇಕು, ಮನೆ ಮಗೂಗೆ ಕೊಡದಿದ್ದರೆ ಹೆಂಗೆ? ಅವಳು ಅಂಗೈ ಅಗಲಿಸಿ ಕ್ಯಾಸೆಟ್ಟಿನ ಮೇಲೆ ಪಟ್ಟಂತ ಇಟ್ಟಳು. ಕೈ ಎತ್ತಿದರೆ ಕ್ಯಾಸೆಟ್ಟೂ ಕೈ ಜೊತೆ ಮೇಲಕ್ಕೆ ಬಂತು! ಅಂಟಿಕೊಂಡುಬಿಟ್ಟಿದೆ. ಅವಳು ಕೈ ಕೊಡವಿದಳು, ಅದು ಬಿಡಲಿಲ್ಲ. "ಅವ್ವ, ಅವ್ವ" ಅಂತ ಅದನ್ನ ಎತ್ತಿ ಎತ್ತಿ ತೋರಿಸಿದಳು.

ನಾನು ಬಿಡಿಸೋಕೆ ಹೋದೋಳು ಹಂಗೇ ನಿಂತುಬಿಟ್ಟೆ. ಕ್ಯಾಸೆಟ್ಟಿನ ತೆರೆದ ಬಾಯಿ ಹತ್ತಿರ, ರೀಲಿನ ಮೇಲೆ, ಶಶಿದಲ್ಲದ ಹಳೇ ಬೆರಳ ಗುರುತು ಕಪ್ಪಗೆ ಒಣಗಿತ್ತು. ಮೂಸಿದೆ. ಬೆಲ್ಲ! ನಮ್ಮದೊಂದೇ ಆಲೆಮನೆಯಾ? ಹೊಳೆಸಾಲಿನ ಉದ್ದಕ್ಕೂ ಆ ಕಾಲದಲ್ಲಿ ಹೊಗೆ ಏಳುತ್ತಿತ್ತು, ಪಾಂಡವಪುರದ ದಾರಿಯುದ್ದಕ್ಕೂ. ಎಲ್ಲ ಕಡೆ ಟೇಪು, ಎಲ್ಲ ಕಡೆ ಬಾಷಣ್ಣನ ಕ್ಯಾಸೆಟ್ಟು, ಎಲ್ಲರ ಕೈಲೂ ಬೆಲ್ಲ. ಅದೇ ಕೈಲಿ ಪಕ್ಕ ತಿರುಗಿಸೋದು, ರೀಲು ಸಿಕ್ಕಿದರೆ ಬೆರಳು ಹಾಕಿ ಎಳೆಯೋದು. ಆ ಕ್ಯಾಸೆಟ್ಟು ವಾಪಸ್ ಹೋಗಿ ಬಾಷಣ್ಣನ ದೊಡ್ಡ ಮಿಷನ್ನಿಗೆ ಬೀಳೋದು, ಅದರ ಹೆಡ್ಡಿಗೂ ಬೆಲ್ಲ ಹತ್ತೋದು, ಅಲ್ಲಿಂದ ಮಿಕ್ಕ ಕ್ಯಾಸೆಟ್ಟುಗಳಿಗೆ.

ಮಾರನೇ ದಿನ ಸಂತೆಯಿಲ್ಲ, ಏನಿಲ್ಲ, ಶಶಿನ ಸೊಂಟಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಬಾಷಣ್ಣ ಮಿಷನ್ನಿಗೆ ಗೋಣಿಚೀಲ ಸುತ್ತುತ್ತಿದ್ದ. ಮೈಸೂರಿಗೆ ಸಾಗಿಸೋಕೆ.

"ತಡೀರಿ ಬಾಷಣ್ಣ. ಅದರ ಬಾಯಿ ತಗೀರಿ, ಮೂಸಿ ನೋಡಿ."

ಅವನಿಗೆ ನಂಗೆ ತಲೆ ಕೆಟ್ಟಿದೆ ಅನ್ನಿಸಿರಬೇಕು. ಆದರೂ ಮೆಂಬರ್ ಮಾತು ಅಂತ ತೆಗೆದ. ಮೂಗು ಹತ್ತಿರ ತಂದ. ಇನ್ನೊಂದು ಸಲ ಮೂಸಿದ. ಕಿರುಬೆರಳಲ್ಲಿ ಉಜ್ಜಿ ನಾಲಿಗೆ ತುದಿಗೆ ಇಟ್ಟುಕೊಂಡ.

"ಯಾ ಅಲ್ಲಾ!" ಅಂದ. "ಬೆಲ್ಲ ಅಕ್ಕಾ ಇದು! ಕೆಟ್ಟ ರೀಲಿನ ಮಸಿ ಅಂತ ನಾನು ದಿನಾ ಸ್ಪಿರಿಟ್ಟಲ್ಲಿ ಒರೆಸ್ತಾ ಇದೀನಿ. ಹೋಗ್ತಾನೇ ಇಲ್ಲ!"

"ಬೆಲ್ಲ ಸ್ಪಿರಿಟ್ಟಿಗೆ ಎಲ್ಲೋಯ್ತದೆ? ನಾವು ಬೆಲ್ಲ ಹೊಯ್ಯೋ ಅಚ್ಚುಮಣೆ ತೊಳೆಯೋದು ಬಿಸಿನೀರಲ್ಲಿ."

ಅಷ್ಟು ಹೇಳಿದ್ದೇ ತಡ, ಪಕ್ಕದ ಟೀ ಅಂಗಡಿಗೆ ಓಡಿ ಒಂದು ಲೋಟ ಬಿಸಿನೀರು ತಂದ. ವೈರು ಕಿತ್ತು, ಹತ್ತಿ ಅದ್ದಿ, ಹಿಂಡಿ, ಹೆಡ್ಡನ್ನೂ ಅದರ ಪಕ್ಕದ ರಬ್ಬರ್ ಗಾಲಿಯನ್ನೂ ಕೂಸಿನ ಕಿವಿ ಒರೆಸೋ ಹಂಗೆ ಒರೆಸಿದ. ಹತ್ತಿ ಮೇಲೆ ಹತ್ತಿ ಕಪ್ಪಾಯಿತು, ಆಮೇಲೆ ಕಂದಾಯಿತು, ಆಮೇಲೆ ಬೆಳ್ಳಗೆ ಬಂತು. ಚೆನ್ನಾಗಿ ಒಣಗಿಸಿ, ನಾನು ಹೋದ ಸಂತೆಗೆ ವಾಪಸ್ ಇಟ್ಟಿದ್ದ ನನ್ನ ಇಷ್ಟದ ಕ್ಯಾಸೆಟ್ಟನ್ನೇ ಹಾಕಿದ. ಅಯ್ಯೋ, ಆ ದನಿ! ಕಂಬಳಿ ತೆಗೆದು ಎದ್ದು ಕೂತ ಹಂಗೆ. ಶಶಿ ಸೊಂಟದ ಮೇಲೇ ಕುಣಿದಳು. ಬಾಷಣ್ಣ ಗೋಣಿಚೀಲ ಬೀದಿಗೆ ಎಸೆದ.

ಆದರೆ ಸಂತೋಷ ಅರ್ಧವೇ. ಮಿಷನ್ನು ಬಂತು, ಬೀರು ಖಾಲಿ. "ಒಬ್ಬರು ವಾಪಸ್ ತಂದ್ರೆ ಎಲ್ಲಾರೂ ತರ್ತಾರೆ ಅಕ್ಕಾ. ಮೊದಲು ತರೋರು ಯಾರು? ಮೇಷ್ಟ್ರು ಹತ್ರಾನೇ ಒಂದು ಚೀಲ ಇದೆ," ಅಂದ ಬಾಷಣ್ಣ.

"ಅದು ನಂಗೆ ಬುಡಿ," ಅಂದೆ. ಎಲ್ಲಿಂದ ಬಂತೋ ಆ ಧೈರ್ಯ, ಕಾರ್ಡು ಇರೋಳಲ್ಲವಾ ನಾನು!

ನಮ್ಮಲ್ಲಿ ಆಲೆಮನೆ ಹಂಗಾಮು ಮುಗಿಯೋ ದಿನ ಕೊನೇ ಕೊಪ್ಪರಿಗೆಗೆ ಎಲ್ಲರನ್ನೂ ಕರೆಯುತ್ತಿದ್ದೆವು. ಒಲೆಗೆ ಪೂಜೆ ಮಾಡಿ, ಆ ಒಂದು ಕೊಪ್ಪರಿಗೆ ಬೆಲ್ಲವನ್ನ ಮಾರದೆ ಬಂದೋರಿಗೆ ಹಂಚೋದು. ಆ ಸಲ ನಾನು ಕಂಡಕ್ಟರ್ ತಮ್ಮಯ್ಯನ ಬಾಯಲ್ಲಿ ಎಲ್ಲ ಮೆಂಬರುಗಳಿಗೂ ಹೇಳಿಕಳಿಸಿದೆ: ಕೊನೇ ಕೊಪ್ಪರಿಗೆಗೆ ಬನ್ನಿ, ಬಾಷಣ್ಣನೂ ಬರ್ತಾನೆ, ಕೈಲಿರೋ ಕ್ಯಾಸೆಟ್ಟು ತನ್ನಿ, ತೊಳೆದು ಒರೆಸಿ ಸರಿ ಮಾಡಿಕೊಡ್ತಾನೆ. ಯಜಮಾನರು "ನಿನ್ನ ಮೆಂಬರುಗಳಿಗೆಲ್ಲ ನಾನು ಬೆಲ್ಲ ಹಂಚಬೇಕಾ?" ಅಂದರು. "ಹಾಡು ಸರಿಯಾದ್ರೆ ಒಲೆ ಸರಿ ಉರೀತದೆ, ಮುಂದಿನ ವರ್ಷ ನಿಮಗೇ ಲಾಭ," ಅಂದೆ. ಗೌಡರಿಗೆ ಲೆಕ್ಕ ಹಿಡಿಸಿತು.

ಬಂದರು ಸ್ವಾಮಿ, ಬಂದರು! ರೈಲಲ್ಲಿ ಬಂದು ಅಕ್ಕಿಹೆಬ್ಬಾಳು ಸ್ಟೇಷನ್ನಲ್ಲಿ ಇಳಿದೋರು, ಬಸ್ಸಲ್ಲಿ ಬಂದೋರು, ಟ್ರಾಕ್ಟರಲ್ಲಿ ಬಂದೋರು. ಬಾಷಣ್ಣ ತನ್ನ ಮಿಷನ್ನನ್ನ ಮಗು ಥರ ತೊಡೆ ಮೇಲಿಟ್ಟುಕೊಂಡು ಬಸ್ಸಲ್ಲಿ ಬಂದ. ಗಾಣದ ಮನೆ ಕರೆಂಟಿಗೆ ವೈರು ಎಳೆದು, ಹತ್ತಿ, ಬಿಸಿನೀರು ಇಟ್ಟುಕೊಂಡು ಕೂತ. ಎಲ್ಲರೂ ಹಾಲು ಕುಡಿದರು, ಬೆಲ್ಲ ತಿಂದರು, ಚೆನ್ನಾಗಿದೆ ಅಂದರು. ಆದರೆ ಚೀಲ ಮಾತ್ರ ಯಾರೂ ಬಿಚ್ಚಲಿಲ್ಲ. ಒಬ್ಬರ ಮುಖ ಒಬ್ಬರು ನೋಡುತ್ತಾ ಎಲ್ಲರೂ ಮೇಷ್ಟ್ರ ಕಡೆ ನೋಡಿದರು. ಮೇಷ್ಟ್ರು ಖಾಕಿ ಚೀಲ ಕಂಕುಳಲ್ಲಿ ಅವುಚಿಕೊಂಡು ನಿಂತಿದ್ದರು.

"ಕೊಡಿ ಮೇಷ್ಟ್ರೆ," ಅಂದೆ.

"ಕೊಡ್ಬೋದು ಕಣಮ್ಮ. ಕೊಟ್ಟ ಮೇಲೆ ಇವ್ನು ಮೈಸೂರು ದಾರಿ ಹಿಡಿದ್ರೆ?"

"ಎಲ್ಲೂ ಹೋಗಲ್ಲ ಸಾರ್," ಅಂದ ಬಾಷಣ್ಣ.

"ಮಾತು ಎಲ್ರೂ ಆಡ್ತಾರೆ ಕಣಪ್ಪ," ಅಂದು ಮೇಷ್ಟ್ರು ಇನ್ನೊಂದು ಕೈಲಿ ಬೆಲ್ಲದ ಉಂಡೆ ಬಾಯಿಗಿಟ್ಟುಕೊಂಡರು. ಬಾಷಣ್ಣನ ಮುಖ ಬಾಡಿತು. ಈ ಜನ ಹಿಂಗೇ ಚೀಲ ಹೊತ್ತುಕೊಂಡು ಬಸ್ಸು ಹತ್ತಿದರೆ ಅಂಗಡಿ ಮುಗೀತು, ನನ್ನ ಕಾರ್ಡೂ ಮುಗೀತು.

ಆಗ ಒಲೆ ಹತ್ತಿರ ಕೂತಿದ್ದ ನಮ್ಮತ್ತೆ ಎಲೆ ಅಡಿಕೆ ಉಗುಳಿ, ಸೆರಗು ಸರಿ ಮಾಡಿಕೊಂಡು, ಮೇಷ್ಟ್ರ ಮೂತಿ ನೋಡಿಕೊಂಡು ಸೋಬಾನೆ ಎತ್ತಿದರು. ಬೀಗರನ್ನ ಆಡಿಕೊಳ್ಳೋ ಧಾಟಿ. ಮಾತು ಮಾತ್ರ ಆಗಲೇ ಹುಟ್ಟಿದ್ದು:

ಹೊನ್ನು ತಂದೋರಲ್ಲ, ಬೆಳ್ಳಿ ತಂದೋರಲ್ಲ
ಬೆಲ್ಲದ ಕೈಲಿ ಹಾಡ ಕದ್ದೋರೆ ಸೋಬಾನೆ
ಕೈಯ ತೊಳ್ಕೊಂಡು ಬನ್ನಿರೋ

ಚೀಲ ತಂದೋರೆಲ್ಲ, ಚೀಲ ಬಿಚ್ಚೋರಿಲ್ಲ
ಕಂಕುಳಲ್ಲಿ ಹಾಡು ಬೆವತಾವೆ ಸೋಬಾನೆ
ಕೈಯ ತೊಳ್ಕೊಂಡು ಬನ್ನಿರೋ

ಮೊದಲ ಸಲ ನಾನೊಬ್ಬಳೇ ದನಿಗೂಡಿಸಿದೆ. ಎರಡನೇ ಸಲಕ್ಕೆ ಅಲ್ಲಿದ್ದ ಹೆಂಗಸರೆಲ್ಲ ಸೇರಿದರು. ಗಂಡಸರು ಬಿದ್ದು ಬಿದ್ದು ನಕ್ಕರು. ಬೋರಣ್ಣ ಒಲೆ ಮರೆತು ಚಪ್ಪಾಳೆ ಹಾಕಿದ. ಮೇಷ್ಟ್ರು ಬೆಲ್ಲ ನುಂಗೋಕೂ ಆಗದೆ, ಉಗುಳೋಕೂ ಆಗದೆ ಕೆಂಪಗಾದರು. ಸೋಬಾನೆಯಲ್ಲಿ ಆಡಿಕೊಂಡ ಮೇಲೆ ಕೋಪ ಮಾಡಿಕೊಳ್ಳೋ ಹಂಗಿಲ್ಲ, ಅದು ನಮ್ಮ ಕಡೆ ನಡೆದು ಬಂದ ದಾರಿ. ಕೊನೆಗೆ ಅವರೂ ನಕ್ಕುಬಿಟ್ಟರು.

"ಆಯ್ತು ಕೆಂಪಕ್ಕ, ಸೋತೆ ಕಣವ್ವ!" ಅಂತ ಸೀದಾ ತೊಟ್ಟಿಗೆ ಹೋಗಿ, ಮೊಣಕೈವರೆಗೂ ತೊಳೆದುಕೊಂಡು, ಪಂಚೆಗೆ ಒರೆಸಿಕೊಂಡು ಬಂದು ಬಾಷಣ್ಣನ ಮುಂದೆ ಚೀಲ ಬೋರಲು ಹಾಕಿದರು. ಕ್ಯಾಸೆಟ್ಟು ಕಡಲೆಕಾಯಿ ಸುರಿದ ಹಂಗೆ ಸುರಿದವು. ಅವರ ಹಿಂದೆ ತೊಟ್ಟಿ ಹತ್ತಿರ ಸಾಲು ಹತ್ತಿತು. ತೊಟ್ಟಿ ನೀರು ಸಿಹಿಯಾಗಿ ನಮ್ಮ ಎಮ್ಮೆ ಆವತ್ತು ಎರಡು ಸಲ ಕುಡಿಯಿತು.

ಬಾಷಣ್ಣ ಮಾತ್ರ ಯಾರನ್ನೂ ನೋಡದೆ ಮಿಷನ್ನಿನ ಮೇಲೆ ಬಗ್ಗಿಕೊಂಡಿದ್ದ. ಬೆರಳು ತುಟಿ ಮೇಲಿಟ್ಟು ಸನ್ನೆ ಮಾಡಿದ. ಆಮೇಲೆ ಒಂದು ಗುಂಡಿ ಒತ್ತಿದ. ಪೆಟ್ಟಿಗೆಯಿಂದ ಅತ್ತೆ ದನಿ ಬಂತು, ನಮ್ಮೆಲ್ಲರ ನಗು ಸಮೇತ. ಅವರು ಹಾಡೋವಾಗಲೇ ಸದ್ದಿಲ್ಲದೆ ಕ್ಯಾಸೆಟ್ಟಿಗೆ ತುಂಬಿಕೊಂಡುಬಿಟ್ಟಿದ್ದ!

"ಯಾರ್ಲಾ ಅವ್ಳು, ಇಂಗೆ ಕಿರುಚ್ತಾವ್ಳೆ?" ಅಂದರು ಅತ್ತೆ.

"ನೀವೇ ಅತ್ತೆ."

ಬಾಯಿ ಮೇಲೆ ಸೆರಗು ಇಟ್ಟುಕೊಂಡು ಪೂರ್ತಿ ಕೇಳಿದರು. ಮುಗಿದ ಮೇಲೆ ಮೆಲ್ಲಗೆ ಅಂದರು: "ಎದುರ್ಗೆ ಇರೋರ್ನ ನೋಡ್ಕೊಂಡೇ ಹಾಡವ್ಳೆ ಬುಡು. ಇನ್ನೊಂದ್ಸಲ ಹಾಕಪ್ಪ."

ಆ ಚಳಿಗಾಲ ಬಾಷಣ್ಣನ ಅಂಗಡೀಲಿ ಎಲ್ಲಕ್ಕಿಂತ ಹೆಚ್ಚು ಓಡಿದ್ದು ನಮ್ಮತ್ತೆ ಕ್ಯಾಸೆಟ್ಟು. ಮೊದಲು ಇಳಿಸಿಕೊಂಡೋರು ಯಾರು ಅಂತೀರಾ? ರಾಮಲಿಂಗಯ್ಯ ಮೇಷ್ಟ್ರು! ಹೊಣಕೆರೆಯ ತಮ್ಮ ಮನೆ ಮದುವೇಲಿ ತಮ್ಮನ್ನ ಆಡಿಕೊಂಡ ಹಾಡನ್ನೇ ಮೈಕಲ್ಲಿ ಹಾಕಿಸಿ ಮೀಸೆ ತಿರುವಿದರಂತೆ. ಬೀರು ತುಂಬಿತು, ಮೆಂಬರುಗಳು ಮೊದಲಿಗಿಂತ ಜಾಸ್ತಿಯಾದರು. ಬಾಷಣ್ಣ ಅಂಗಡಿ ಮುಂದೆ ಒಂದು ಕೊಳಾಯಿ ಹಾಕಿಸಿ ಬೋರ್ಡು ಬರೆಸಿದ: ಕೈ ತೊಳೆದುಕೊಂಡು ಬನ್ನಿ. ಬೇರೆ ಊರಿನೋರು ಹೋಟ್ಲು ಅಂದುಕೊಂಡು ಒಳಗೆ ಬಂದು ಕಾಫಿ ಕೇಳುತ್ತಿದ್ದರಂತೆ.

ಅಂಗಡಿ ಮುಚ್ಚಿತು, ನಿಜ. ಎಷ್ಟೋ ವರ್ಷ ನಡೆದು, ಕ್ಯಾಸೆಟ್ಟು ಹಾಕೋ ಪೆಟ್ಟಿಗೆಗಳೇ ಅಟ್ಟ ಸೇರಿದ ಮೇಲೆ. ಆಗ ಯಾರೂ ಹೆದರಲಿಲ್ಲ, ಯಾರೂ ಚೀಲ ಅವುಚಿಕೊಳ್ಳಲಿಲ್ಲ. ಬಾಷಣ್ಣ ಅದೇ ಜಾಗದಲ್ಲಿ ಈಗ ಮೊಬೈಲು ರಿಪೇರಿ ಮಾಡುತ್ತಾನೆ. ಕೊಳಾಯಿ ಇನ್ನೂ ಇದೆ.

ಇಷ್ಟು ಹೇಳೋ ಹೊತ್ತಿಗೆ ಕೂಸು ರಾಗ ತೆಗೆಯಿತು. ಶಶಿ ಮೊಬೈಲು ಅದುಮಿದಳು, ಜೋಗುಳ ಎರಡು ಸಾಲು ಬಂದು ನಿಂತುಹೋಯಿತು. ಕೂಸು ಅತ್ತೆ ಗಂಟಲಲ್ಲಿ ಕಿರುಚಿತು.

"ಅಜ್ಜಿ ಹಾಡು ಎಲ್ಲವ್ವಾ? ಆ ಕ್ಯಾಸೆಟ್ಟು?" ಅಂದಳು ಶಶಿ.

"ಅದು ಸವೆದು ಯಾವಾಗ್ಲೋ ಹೋಯ್ತು."

"ಹಾಡು?"

"ಹಾಡು ಎಲ್ಲೋಯ್ತದೆ?" ಅಂತ ಕೂಸನ್ನ ಎದೆಗೆ ಹಾಕಿಕೊಂಡು ಅತ್ತೆ ಸೋಬಾನೆ ಎತ್ತಿದೆ. ಹೊನ್ನು ತಂದೋರಲ್ಲ, ಬೆಳ್ಳಿ ತಂದೋರಲ್ಲ. ಮೇಷ್ಟ್ರನ್ನ ಆಡಿಕೊಂಡ ಹಾಡು ಮೆಲ್ಲಗೆ ಹಾಡಿದರೆ ಒಳ್ಳೇ ಜೋಗುಳ, ನಂಗೂ ಆವತ್ತೇ ಗೊತ್ತಾದದ್ದು. ಕೂಸು ದೊಡ್ಡ ಕಣ್ಣು ಬಿಟ್ಟು ನನ್ನ ಬಾಯಿ ನೋಡಿತು. ಆಮೇಲೆ ಒಂದೊಂದೇ ರೆಪ್ಪೆ ಇಳಿಸಿ ಮಲಗಿತು. ತಿರುಗಿ ನೋಡಿದರೆ ಶಶಿ ಬಾಷಣ್ಣನ ಹಂಗೆ ತುಟಿ ಮೇಲೆ ಬೆರಳಿಟ್ಟುಕೊಂಡು, ಮೊಬೈಲು ನನ್ನ ಕಡೆ ಹಿಡಿದು ಕೂತಿದ್ದಾಳೆ!

ಸಾಯಂಕಾಲದ ಹೊತ್ತಿಗೆ ಅದು ಪಾಂಡವಪುರಕ್ಕೆ, ನಾಗಮಂಗಲಕ್ಕೆ, ಶ್ರೀರಂಗಪಟ್ಟಣದ ಬೀಗರ ಮನೆಗೆ ಎಲ್ಲ ಹೋಗಿ, ಅಲ್ಲಿಂದ "ಇನ್ನೊಂದು ಹಾಡಿಸು, ಇನ್ನೊಂದು ಕಳಿಸು" ಅಂತ ಫೋನು ಬರೋಕೆ ಶುರುವಾಯಿತು. ಬೀಗಿತ್ತಿಗಂತೂ ನಗು ತಡೆಯೋಕಾಗಲಿಲ್ಲವಂತೆ.

"ಅವ್ವಾ, ಈಗ ನೀನೇ ಕಂಪ್ನಿ ಕಣವ್ವಾ," ಅಂದಳು ಶಶಿ. ಅವಳ ಮುಖದಲ್ಲಿ ಬೆಳಗಿನ ಚಿಂತೆ ಹೆಸರಿಗೂ ಇರಲಿಲ್ಲ.

ಹಂಗಾದರೆ ಕಾರ್ಡು ಬೇಕಲ್ಲ? ನನ್ನ ಪೆಟ್ಟಿಗೆ ತಳದಿಂದ ಆ ಗುಲಾಬಿ ಕಾರ್ಡು ತೆಗೆದೆ. ಬಣ್ಣ ಪೂರ್ತಿ ಮಾಸಿದೆ, ಸೀಲು ಮಾತ್ರ ಗಟ್ಟಿಯಾಗಿದೆ. ಜಯಮ್ಮ ಅಂತ ಇರೋದರ ಕೆಳಗೆ ಜಾಗ ಇತ್ತು. ಮುಂದಿನ ವಾರ ಕೂಸನ್ನ ತೊಟ್ಟಿಲಿಗೆ ಹಾಕಿ ನಾಮಕರಣ ಮಾಡುತ್ತೀವಿ. ಕಿವೀಲಿ ಹೇಳೋ ಹೆಸರನ್ನ ಅಲ್ಲೇ ಬರೆಯುತ್ತೀನಿ, ನನ್ನ ಕೈಯಾರೆ, ಒತ್ತು ದೀರ್ಘ ಹೆಂಗೆ ಬಂದರೂ ಸರಿ. ಅಪ್ಪನ ಹೆಸರಲ್ಲ, ತಾತನ ಹೆಸರಲ್ಲ, ಅವಳದೇ ಹೆಸರು. ಹಾಡು ಕೇಳೋಳು ಅವಳು ತಾನೆ.

ನೀವೂ ಬನ್ನಿ. ಹೊಸ ಬೆಲ್ಲ ಇದೆ, ಕೊಡದೆ ಕಳಿಸಲ್ಲ. ತಿನ್ನಿ, ಬೇಕಾದಷ್ಟು ಹಾಡಿಸಿಕೊಳ್ಳಿ. ಕೂಸನ್ನ ಎತ್ತಿಕೊಳ್ಳೋಕೆ ಮಾತ್ರ ಕೈ ತೊಳ್ಕೊಂಡು ಬನ್ನಿ.